ಟ್ಯಾಂಕ್ ತುಂಬಿದೆ, ಮುಳ್ಳು ಏಳುತ್ತಿಲ್ಲ: ಕಾರಿನ ಪೆಟ್ರೋಲ್ ಗೇಜ್ ಸುಳ್ಳು ಹೇಳುವುದು ಯಾಕೆ?

ಹೋದ ಮಳೆಗಾಲದಲ್ಲಿ ಹಾಸನದ ಹೊರಗಿನ ಒಂದು ಬಂಕಿನಲ್ಲಿ ನಾನು ಸುಮ್ನೆ ಜಗಳ ಆಡಿದೆ. ಗೇಜಿನ ಮುಳ್ಳು 'ಇ' ಗೆರೆಯ ಮೇಲಿತ್ತು. ಸಾವಿರ ರೂಪಾಯಿಗೆ ಪೆಟ್ರೋಲ್ ಹಾಕಿಸಿದೆ. ಕೀ ತಿರುಗಿಸಿ ನೋಡಿದರೆ ಮುಳ್ಳು ಕಾಲು ಭಾಗವನ್ನೂ ಮುಟ್ಟಿಲ್ಲ. ಒಂಬತ್ತು ಲೀಟರಿಗಿಂತ ಜಾಸ್ತಿ ಬಿದ್ದಿರಬೇಕು, ಎಲ್ಲಿ ಹೋಯಿತು? ಬಂಕಿನ ಹುಡುಗ ಮಾತು ಬೆಳೆಸಲಿಲ್ಲ. "ಸಾರ್, ಅಳ್ದು ತೋರಿಸ್ಲಾ?" ಅಂದವನೇ ಐದು ಲೀಟರಿನ ಅಳತೆ ಪಾತ್ರೆ ತಂದ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಈ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ಆಚೀಚೆ ಆದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಆಗಬಾರದು. ಅವನ ಅಳತೆ ಗೆರೆಯ ಮೇಲೇ ನಿಂತಿತು. ಸುಳ್ಳು ಹೇಳಿದ್ದು ಬಂಕ್ ಅಲ್ಲ, ನನ್ನ ಕಾರು.

ಈಚೆಗೆ ಇಂಥ ಅನುಮಾನ ಜಾಸ್ತಿ ಜನಕ್ಕೆ ಬರುತ್ತಿದೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಇ20 ಬಂದ ಮೇಲೆ "ಟ್ಯಾಂಕ್ ಬೇಗ ಖಾಲಿ ಆಗ್ತಿದೆ" ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಖಾಲಿ ಆಗುತ್ತಿದೆ ಎಂದು ನಮಗೆ ಹೇಳಿದವರು ಯಾರು? ಆ ಮುಳ್ಳು ತಾನೆ. ಹಾಗಾಗಿ ಮೊದಲು ಮುಳ್ಳಿನ ಮಾತು ಎಷ್ಟು ನಂಬಬಹುದು ಎಂದು ನೋಡೋಣ.

ನೀರುಗಂಟಿ, ಫೋನು, ಕೇಳುವವ

ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ನೋಡಿರುತ್ತೀರಿ. ನೀರು ಏರಿದ ಹಾಗೆ ಚೆಂಡು ಏರುತ್ತದೆ, ಅದರ ಕಡ್ಡಿ ನಲ್ಲಿಯನ್ನು ಮುಚ್ಚುತ್ತದೆ. ಕಾರಿನ ಪೆಟ್ರೋಲ್ ಟ್ಯಾಂಕಿನೊಳಗೂ ಹೆಚ್ಚುಕಡಿಮೆ ಇದೇ ಏರ್ಪಾಡು. ತೇಲುವ ಒಂದು ತುಂಡು, ಅದಕ್ಕೊಂದು ತಂತಿಯ ತೋಳು. ಮೆಕ್ಯಾನಿಕ್‌ಗಳು ಇದನ್ನು ಫ್ಲೋಟ್ ಎನ್ನುತ್ತಾರೆ, ಇಡೀ ಜೋಡಣೆಯನ್ನು ಟ್ಯಾಂಕ್ ಯೂನಿಟ್ ಎಂದೂ ಕರೆಯುವುದುಂಟು. ಈ ತೋಳು ಯಾವ ನಲ್ಲಿಯನ್ನೂ ಮುಚ್ಚುವುದಿಲ್ಲ. ಅದರ ಬುಡದಲ್ಲಿ ಲೋಹದ ಸಣ್ಣ ಬೆರಳು ಇದೆ. ತೋಳು ಏರಿಳಿದಾಗ ಆ ಬೆರಳು ಒಂದು ಪಟ್ಟಿಯ ಮೇಲೆ ಜಾರುತ್ತದೆ. ಆ ಪಟ್ಟಿ ಕರೆಂಟಿನ ಹರಿವನ್ನು ತಡೆಯುತ್ತದೆ. ಬೆರಳು ಒಂದು ತುದಿಯಲ್ಲಿದ್ದರೆ ತಡೆ ಕಡಿಮೆ, ಇನ್ನೊಂದು ತುದಿಯಲ್ಲಿದ್ದರೆ ಜಾಸ್ತಿ. ಹಳೆ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವುದೂ ಇದೇ.

ಈ ತಡೆಯನ್ನು ಓಮ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದೊಂದು ಕಡೆಯ ಕಾರಿಗೆ ಒಂದೊಂದು ಲೆಕ್ಕ. ಜಪಾನ್ ಮೂಲದ ಅನೇಕ ಕಾರುಗಳಲ್ಲಿ ಟ್ಯಾಂಕ್ ತುಂಬಿದ್ದಾಗ ಸುಮಾರು 3 ಓಮ್, ಖಾಲಿಯಾದಾಗ 110ರ ಆಸುಪಾಸು. ಯುರೋಪಿನಲ್ಲಿ ಬಳಕೆಯಲ್ಲಿರುವ ಒಂದು ಅಳತೆ ಇದಕ್ಕೆ ತಿರುಗಾ: ಖಾಲಿಗೆ 10, ತುಂಬಿದ್ದಕ್ಕೆ 180. ಅಮೆರಿಕದ ಬಿಡಿ ಗೇಜುಗಳಲ್ಲಿ ಖಾಲಿಗೆ 240, ತುಂಬಿದ್ದಕ್ಕೆ 33. ನಿಮ್ಮ ಕಾರಿನ ಲೆಕ್ಕ ಯಾವುದು ಎಂಬುದು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಇದನ್ನು ನೋಡದೆ ಬೇರೆ ಕಾರಿನ ಫ್ಲೋಟ್ ತಂದು ಹಾಕಿದರೆ ಮುಳ್ಳು ತಲೆಕೆಳಗಾಗಿ ಓಡುವುದೂ ಉಂಟು.

ಟ್ಯಾಂಕಿನಿಂದ ಹೊರಟ ವೈರು ಡ್ಯಾಶ್‌ಬೋರ್ಡಿಗೆ ಬರುತ್ತದೆ. ಹಳೆ ಕಾರುಗಳಲ್ಲಿ ಗೇಜಿನೊಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತಿತ್ತು. ಕರೆಂಟ್ ಹರಿದರೆ ಅದು ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಆ ಕಾಲದ ಮುಳ್ಳು ಕೀ ತಿರುಗಿಸಿದ ಮೇಲೆ ಆರಾಮಾಗಿ ಏಳುತ್ತಿದ್ದುದು ಇದಕ್ಕೇ. ಈಗಿನ ಕಾರುಗಳಲ್ಲಿ ಓಮ್ ಎಷ್ಟು ಎಂದು ಒಂದು ಕಂಪ್ಯೂಟರ್ ಓದುತ್ತದೆ, ಪುಟ್ಟ ಮೋಟಾರಿನಿಂದ ಮುಳ್ಳನ್ನು ತಿರುಗಿಸುತ್ತದೆ, ಇಲ್ಲವೇ ಪರದೆಯ ಮೇಲೆ ಗೆರೆ ತೋರಿಸುತ್ತದೆ.

ಹೀಗೆ ಯೋಚಿಸಿ. ಊರಾಚೆಯ ಕೆರೆಯ ಏರಿಯ ಮೇಲೆ ನೀರುಗಂಟಿ ನಿಂತಿದ್ದಾನೆ. ನೀರು ಎಷ್ಟಿದೆ ನೋಡಿ ಊರಿಗೆ ಫೋನ್ ಮಾಡುತ್ತಾನೆ. ಊರಲ್ಲಿ ಒಬ್ಬ ಅದನ್ನು ಕೇಳಿ ಬೋರ್ಡಿನ ಮೇಲೆ ಬರೆಯುತ್ತಾನೆ. ಬೋರ್ಡಿನಲ್ಲಿ ತಪ್ಪಿದ್ದರೆ ಮೂರು ಕಡೆ ಹುಡುಕಬೇಕು: ನೀರುಗಂಟಿಯ ಕಣ್ಣು, ಫೋನಿನ ಲೈನು, ಕೇಳಿದವನ ಕಿವಿ. ಫ್ಲೋಟ್, ವೈರು, ಗೇಜು. ಪೆಟ್ರೋಲ್ ಗೇಜಿನ ರಿಪೇರಿ ಎಂದರೆ ಈ ಮೂರರಲ್ಲಿ ಎಡವಿದವನು ಯಾರು ಎಂದು ಪತ್ತೆ ಹಚ್ಚುವುದು, ಅಷ್ಟೆ.

ಮುಳ್ಳು ತಪ್ಪಲ್ಲ, ನಮ್ಮ ನಿರೀಕ್ಷೆ ತಪ್ಪು

ರಿಪೇರಿಗೆ ಹೋಗುವ ಮೊದಲು ಒಂದು ವಿಷಯ. ಎಷ್ಟೋ ಸಲ ಗೇಜು ಸರಿಯಾಗೇ ಇರುತ್ತದೆ.

ಫ್ಲೋಟ್‌ಗೆ ಗೊತ್ತಿರುವುದು ಪೆಟ್ರೋಲಿನ ಎತ್ತರ ಮಾತ್ರ, ಲೀಟರ್ ಅಲ್ಲ. ಕೊಡಕ್ಕೆ ನೀರು ತುಂಬುವಾಗ ಹೊಟ್ಟೆ ತುಂಬಲು ಹೊತ್ತು ಹಿಡಿಯುತ್ತದೆ, ಕುತ್ತಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ತುಂಬುತ್ತದೆ, ಅಲ್ವಾ? ಕಾರಿನ ಟ್ಯಾಂಕ್ ಕೂಡ ಚೌಕ ಡಬ್ಬಿಯಲ್ಲ. ಹಿಂದಿನ ಸೀಟಿನ ಕೆಳಗೆ, ಸೈಲೆನ್ಸರ್ ಪೈಪು, ಹಿಂದಿನ ಆಕ್ಸಲ್ ಎಲ್ಲದರ ನಡುವೆ ಸಿಕ್ಕ ಜಾಗಕ್ಕೆ ತಕ್ಕ ಹಾಗೆ ಸೊಟ್ಟಗೆ ಮಾಡಿದ ಡಬ್ಬಿ. ಅದಕ್ಕೇ ಎಷ್ಟೋ ಕಾರುಗಳಲ್ಲಿ ಮೊದಲ ಅರ್ಧ ನಿಧಾನವಾಗಿ ಇಳಿದು, ಉಳಿದರ್ಧ ಓಡಿದ ಹಾಗೆ ಕಾಣುತ್ತದೆ. ಇದನ್ನು ಸರಿದೂಗಿಸಿ ತೋರಿಸುವ ಕಾರುಗಳಿವೆ, ತೋರಿಸದವೂ ಇವೆ.

ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಎಷ್ಟೋ ಕಿಲೋಮೀಟರ್ ಮುಳ್ಳು ಎಫ್ ಬಿಟ್ಟು ಕದಲುವುದಿಲ್ಲ. ಫ್ಲೋಟ್ ಆಗಲೇ ಮೇಲಿನ ಮಿತಿ ಮುಟ್ಟಿರುತ್ತದೆ, ಅದರ ಮೇಲೂ ಪೆಟ್ರೋಲ್ ಇರುತ್ತದೆ. ಅಷ್ಟು ಖರ್ಚಾಗುವವರೆಗೆ ಅದು ಇಳಿಯುವ ಪ್ರಶ್ನೆಯೇ ಇಲ್ಲ. ಕೆಳಗೂ ಹಾಗೇ. ಇ ಎಂದರೆ ಪೂರ್ತಿ ಖಾಲಿ ಎಂದಲ್ಲ. ಕಂಪನಿಗಳು ಅಲ್ಲಿ ಒಂದಿಷ್ಟು ಲೀಟರ್ ಬೇಕೆಂದೇ ಉಳಿಸಿರುತ್ತವೆ.

ಇನ್ನು ಘಾಟಿ. ಶಿರಾಡಿ ಹತ್ತುವಾಗ ಮುಳ್ಳು ಇಳಿದು, ಸಕಲೇಶಪುರದ ಸಮ ರಸ್ತೆಗೆ ಬಂದಾಗ ಮತ್ತೆ ಏರಿದರೆ ಗಾಬರಿ ಬೇಡ. ಏರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿಯುತ್ತದೆ. ಫ್ಲೋಟ್ ಮುಂದೆ ಇದ್ದರೆ ಅದರ ಕೆಳಗೆ ಪೆಟ್ರೋಲ್ ಕಡಿಮೆ. ತಿರುವುಗಳಲ್ಲಿ ತುಳುಕುವಾಗಲೂ ಮುಳ್ಳು ಕುಣಿಯಬಾರದೆಂದು ಈಗಿನ ಕಾರುಗಳು ಸ್ವಲ್ಪ ಹೊತ್ತಿನ ಸರಾಸರಿ ತೆಗೆದು ತೋರಿಸುತ್ತವೆ. ಈ ಜಾಣತನಕ್ಕೆ ಒಂದು ಅಡ್ಡ ಪರಿಣಾಮ ಇದೆ. ಕೀ ಆನ್ ಇಟ್ಟುಕೊಂಡೇ ಪೆಟ್ರೋಲ್ ಹಾಕಿಸಿದರೆ ಕಂಪ್ಯೂಟರ್ ಅದನ್ನೂ ತುಳುಕಾಟ ಎಂದೇ ಭಾವಿಸಿ ಮುಳ್ಳನ್ನು ನಿಧಾನವಾಗಿ ಏರಿಸಬಹುದು. ನೂರಿನ್ನೂರು ರೂಪಾಯಿಗೆ ಹಾಕಿಸಿದ್ದು ಕೆಲವು ಕಾರುಗಳಿಗೆ ಲೆಕ್ಕಕ್ಕೇ ಬರುವುದಿಲ್ಲ. ಕೀ ಆಫ್ ಮಾಡಿ, ಹಾಕಿಸಿ, ಸಮ ನೆಲದಲ್ಲಿ ಆನ್ ಮಾಡಿ ನೋಡಿ. ಹೇಗೂ ಇಂಜಿನ್ ಆಫ್ ಮಾಡಬೇಕಾದ ಜಾಗ ಅದು.

ಇ20 ಮತ್ತು ಮುಳ್ಳಿನ ದಪ್ಪ

ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇಕಡಾ 10 ಎಥನಾಲ್ ಇದ್ದದ್ದು 20 ಆದರೆ ಲೆಕ್ಕದ ಪ್ರಕಾರ ಶಕ್ತಿ ಶೇಕಡಾ 3ರಿಂದ 4ರಷ್ಟು ಇಳಿಯುತ್ತದೆ. ಒಂದು ಟ್ಯಾಂಕಿಗೆ 500 ಕಿಲೋಮೀಟರ್ ಓಡುತ್ತಿದ್ದ ಕಾರು 15-20 ಕಿಲೋಮೀಟರ್ ಕಮ್ಮಿ ಓಡಬಹುದು. ಗೇಜಿನ ಮೇಲೆ ಅದು ಎಷ್ಟು? ಹೆಚ್ಚುಕಡಿಮೆ ಮುಳ್ಳಿನ ದಪ್ಪದಷ್ಟು. ನಿಮ್ಮ ಮುಳ್ಳು ಮೊದಲಿಗಿಂತ 100 ಕಿಲೋಮೀಟರ್ ಬೇಗ ಇ ಮುಟ್ಟುತ್ತಿದೆ ಎಂದರೆ ಬರೀ ಎಥನಾಲ್ ಮೇಲೆ ಹಾಕಲು ಬರುವುದಿಲ್ಲ. ಟೈರಿನ ಗಾಳಿಯಿಂದ ಹಿಡಿದು ಗೇಜಿನವರೆಗೆ ಬೇರೆ ಏನನ್ನೋ ಹುಡುಕಬೇಕು.

ಮೊದಲು ಒಂದು ಚೀಟಿ, ಒಂದು ಪೆನ್ನು

ಯಾವ ಸ್ಪ್ಯಾನರ್ ಹಿಡಿಯುವ ಮೊದಲೂ ಇದನ್ನು ಮಾಡಿ. ನಾಜಲ್ ತಾನಾಗಿ ಕಟ್ ಆಗುವವರೆಗೆ ಫುಲ್ ಮಾಡಿಸಿ, ಅಲ್ಲಿಗೆ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಳ್ಳು ಸರಿಯಾಗಿ ಅರ್ಧಕ್ಕೆ ಬಂದಾಗ ಅದೇ ಬಂಕಿಗೆ ಹೋಗಿ ಮತ್ತೆ ಕಟ್ ಆಗುವವರೆಗೆ ಹಾಕಿಸಿ. ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತ್ತು, ಬರೆದಿಡಿ. ಮುಂದಿನ ಸಲ ಕಾಲು ಭಾಗಕ್ಕೆ ಬಂದಾಗ ಹಾಗೇ ಮಾಡಿ. ನಂತರ ಎಚ್ಚರಿಕೆ ದೀಪ ಹತ್ತಿದಾಗ.

35 ಲೀಟರಿನ ಟ್ಯಾಂಕು ಎಂದುಕೊಳ್ಳಿ. ಮುಳ್ಳು ಅರ್ಧದಲ್ಲಿದ್ದಾಗ 15 ಲೀಟರ್ ಹಿಡಿದರೆ ಚಿಂತೆ ಇಲ್ಲ. ಟ್ಯಾಂಕಿನ ಆಕಾರ, ಇ ಕೆಳಗಿನ ಉಳಿಕೆ ಎರಡೂ ಸೇರಿ ಅಷ್ಟು ವ್ಯತ್ಯಾಸ ಸಹಜ. 5 ಲೀಟರಿಗೇ ಕಟ್ ಆದರೆ ಮುಳ್ಳು ಸುಳ್ಳು ಹೇಳುತ್ತಿದೆ. 28 ಲೀಟರ್ ಹಿಡಿದರೂ ಸುಳ್ಳೇ, ಅದೂ ಅಪಾಯದ ಸುಳ್ಳು. ಒಂದು ದಿನ ಅದು ನಿಮ್ಮನ್ನು ಕಾಡಿನ ನಡುವೆ ನಿಲ್ಲಿಸುತ್ತದೆ. ಅದೂ ಅಲ್ಲದೆ ಈಗಿನ ಕಾರುಗಳ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತಿರುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಒಣ ಟ್ಯಾಂಕಿನಲ್ಲಿ ಓಡಿಸಿದರೆ ಪಂಪಿಗೂ ಪೆಟ್ಟು.

ನನ್ನ ಚೀಟಿಯಲ್ಲಿ ಬಂದದ್ದು ಹೀಗೆ: ಫುಲ್ ಮಾಡಿದರೂ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ. ಅಲ್ಲಿಂದ ಇ ಮುಟ್ಟಿದಾಗಲೂ ಟ್ಯಾಂಕಿನಲ್ಲಿ ಸುಮಾರು ಹತ್ತು ಲೀಟರ್ ಬಾಕಿ. ಮುಳ್ಳು ನಿಂತುಬಿಟ್ಟಿರಲಿಲ್ಲ, ಸರಿಯಾಗೇ ಓಡುತ್ತಿತ್ತು. ಎಲ್ಲಿ ನೋಡಿದರೂ ಕೆಳಗೆ ಜರುಗಿಸಿಟ್ಟ ಹಾಗಿತ್ತು. ಈ ವಿವರ ಆಮೇಲೆ ಕೆಲಸಕ್ಕೆ ಬಂತು.

ಲಕ್ಷಣ ನೋಡಿ ಊಹಿಸುವುದು

ಮುಳ್ಳು ಒಮ್ಮೆಲೇ ಕುಣಿಯುತ್ತದೆ, ಒಂದು ಜಾಗದಲ್ಲಿ ಮಾತ್ರ ಸತ್ತಂತೆ ಬಿದ್ದು ಮತ್ತೆ ಏಳುತ್ತದೆ ಎಂದಾದರೆ ಅನುಮಾನ ಪಟ್ಟಿಯ ಮೇಲೆ. ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಒಂದು ಕಡೆ ಕರಕರ ಅನ್ನುತ್ತಿತ್ತಲ್ಲ, ಅದೇ ಕಾಯಿಲೆ. ಸಾವಿರಾರು ಸಲ ಜಾರಿ ಜಾರಿ ಆ ಜಾಗ ಸವೆದಿರುತ್ತದೆ. ಪೆಟ್ರೋಲಿನಲ್ಲಿರುವ ಗಂಧಕವೂ ಈ ಕೆಲಸ ಮಾಡಬಲ್ಲದು. ಬೆರಳು, ಪಟ್ಟಿಗಳಲ್ಲಿ ಬೆಳ್ಳಿ ಬಳಸುವುದುಂಟು. ಬೆಳ್ಳಿ ಗೆಜ್ಜೆ ಕಪ್ಪಾಗುವ ಹಾಗೆ ಗಂಧಕ ತಾಗಿದ ಬೆಳ್ಳಿಯೂ ಕಪ್ಪಾಗುತ್ತದೆ, ಕರೆಂಟ್ ಸರಿಯಾಗಿ ದಾಟುವುದಿಲ್ಲ. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲ್ ಬಂಕುಗಳಿಗೆ ಹೋಗಿ, ಎಷ್ಟೋ ಕಾರುಗಳ ಗೇಜು ಕೆಟ್ಟು ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್ 6 ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿದೆ. ಹಾಗಾಗಿ ಈಗ ಸವೆತದ ಕಡೆಗೇ ಮೊದಲು ನೋಡುವುದು ಸರಿ.

ಎಷ್ಟು ಹಾಕಿದರೂ ಮುಳ್ಳು ಇ ಬಿಟ್ಟು ಏಳುವುದೇ ಇಲ್ಲ. ಫ್ಲೋಟ್ ಟೊಳ್ಳು ಪ್ಲಾಸ್ಟಿಕ್ಕಿನದಾಗಿದ್ದರೆ ಬಿರುಕು ಬಿಟ್ಟು ಒಳಗೆ ಪೆಟ್ರೋಲ್ ತುಂಬಿ ಮುಳುಗಿರಬಹುದು. ವೈರು ತುಂಡಾದರೂ ಅನೇಕ ಕಾರುಗಳಲ್ಲಿ ಇದೇ ಲಕ್ಷಣ. ಬೇಸಿಗೆಯಲ್ಲಿ ಒಂದೆರಡು ವಾರ ಕಾರು ನಿಲ್ಲಿಸಿ ಊರಿಗೆ ಹೋಗಿ ಬಂದ ಮೇಲೆ ಶುರುವಾಗಿದ್ದರೆ ಇಲಿಯನ್ನು ಮರೆಯಬೇಡಿ.

ದೊಡ್ಡ ಹಂಪು ಅಥವಾ ಕಲ್ಲು ಕೆಳಗೆ ಬಡಿದ ಮೇಲೆ ತೊಂದರೆ ಬಂದಿದ್ದರೆ ಟ್ಯಾಂಕಿನ ತಳ ಒಳಕ್ಕೆ ತಗ್ಗಿದೆಯಾ ನೋಡಿಸಿ. ತಳ ಮೇಲೆ ಬಂದರೆ ತೋಳು ಪೂರ್ತಿ ಇಳಿಯಲಾರದು. ಟ್ಯಾಂಕ್ ಖಾಲಿಯಾದರೂ ಗೇಜು "ಇನ್ನೂ ಇದೆ" ಎನ್ನುತ್ತಲೇ ಇರುತ್ತದೆ.

ಪೆಟ್ರೋಲ್ ಮುಳ್ಳಿನ ಜೊತೆ ಇಂಜಿನ್ ಬಿಸಿ ತೋರಿಸುವ ಮುಳ್ಳೂ ತಪ್ಪಿದ್ದರೆ ಟ್ಯಾಂಕಿನ ಕಡೆ ಹೋಗಲೇಬೇಡಿ. ಇಬ್ಬರು ನೀರುಗಂಟಿಗಳು ಒಂದೇ ದಿನ ಕುರುಡಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಫ್ಯೂಸ್, ಅರ್ಥಿಂಗ್ (ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ವಾಪಸಾಗುವ ದಾರಿ) ಅಥವಾ ಒಳಗಿನ ಬೋರ್ಡು, ಇವುಗಳಲ್ಲೇ ಏನೋ ಇದೆ.

ಇನ್ನೊಂದು ಸುಳಿವು ಎಚ್ಚರಿಕೆ ದೀಪ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಹಳೆಯವುಗಳಲ್ಲಿ, ಈ ದೀಪಕ್ಕೆ ಬೇರೆಯದೇ ಸೆನ್ಸರ್ ಇರುತ್ತದೆ. ಪೆಟ್ರೋಲಿನಲ್ಲಿ ಮುಳುಗಿದ್ದಾಗ ತಂಪಾಗಿರುತ್ತದೆ, ಮಟ್ಟ ಇಳಿದು ಹೊರಗೆ ಬಂದಾಗ ಬಿಸಿಯಾಗಿ ದೀಪ ಹತ್ತಿಸುತ್ತದೆ. ಅಂಥ ಕಾರಿನಲ್ಲಿ ಮುಳ್ಳು ಅರ್ಧ ಎಂದರೂ ದೀಪ ಹತ್ತಿದ್ದರೆ ದೀಪವನ್ನೇ ನಂಬಿ ಬಂಕಿನ ಕಡೆ ಗಾಡಿ ತಿರುಗಿಸಿ.

ಕಪ್ಲರ್ ಬಿಚ್ಚಿ ನೋಡುವ ಪರೀಕ್ಷೆ

ನನ್ನ ಕಾರು ನೋಡಿದ ಮೊದಲ ಗ್ಯಾರೇಜಿನವರು "ಪಂಪ್ ಸಮೇತ ಟ್ಯಾಂಕ್ ಯೂನಿಟ್ ಚೇಂಜ್ ಮಾಡ್ಬೇಕು" ಎಂದರು. ಮೀಟರ್ ಹಿಡಿದು ಏನೂ ಅಳೆಯಲಿಲ್ಲ. ಈಗಿನ ಕಾರುಗಳಲ್ಲಿ ಪಂಪು, ಫ್ಲೋಟ್ ಎರಡೂ ಒಂದೇ ಜೋಡಣೆಯಲ್ಲಿ ಬರುವುದರಿಂದ ಇದು ದುಬಾರಿ ಸಲಹೆ. ಎಷ್ಟೋ ಮಾದರಿಗಳಿಗೆ ಫ್ಲೋಟ್ ಭಾಗ ಬಿಡಿಯಾಗಿ ಸಿಗುತ್ತದೆ, ಕೇಳಿ ನೋಡಬೇಕು. ಆಮೇಲೆ ಹೋದದ್ದು ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. "ಟ್ಯಾಂಕ್ ಬಿಚ್ಚೋದು ಆಮೇಲೆ ಸಾರ್, ಮೊದ್ಲು ಅರ್ತ್ ನೋಡಣ" ಎಂದರು.

ಅವರು ಮಾಡಿದ್ದು ಸರಳ. ಹಿಂದಿನ ಸೀಟು ಎತ್ತಿ, ಟ್ಯಾಂಕ್ ಯೂನಿಟ್ಟಿಗೆ ಹೋಗುವ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಗ್, ಬಿಚ್ಚಿದರು. ಕೀ ಆನ್ ಮಾಡಿದಾಗ ಮುಳ್ಳು ಇ ಕಡೆಗೆ ಬಿತ್ತು. ಕೀ ಆಫ್ ಮಾಡಿ, ಗಾಡಿಯ ಕಡೆಯ ಕಪ್ಲರಿನಲ್ಲಿ ಗೇಜಿನ ವೈರಿಗೆ ಒಂದು ತುಂಡು ವೈರು ಸಿಕ್ಕಿಸಿ ಕಾರಿನ ಲೋಹದ ಬಾಡಿಗೆ ಮುಟ್ಟಿಸಿ, ಮತ್ತೆ ಕೀ ಆನ್ ಮಾಡಿದರು. ಮುಳ್ಳು ಎಫ್‌ಗೆ ಹೋಗಿ ನಿಂತಿತು. ಇಷ್ಟರಿಂದ ಗೊತ್ತಾದದ್ದೇನು? ಊರಲ್ಲಿ ಕೇಳುವವನ ಕಿವಿ ಸರಿಯಿದೆ, ಅಲ್ಲಿಯವರೆಗಿನ ಲೈನೂ ಸರಿಯಿದೆ. ಉಳಿದದ್ದು ನೀರುಗಂಟಿ, ಮತ್ತು ಅವನ ಕಡೆಯ ಅರ್ಥಿಂಗ್. ಮುಳ್ಳು ಎರಡೂ ಕಡೆ ಅಲ್ಲಾಡದಿದ್ದರೆ ತಪ್ಪು ಗೇಜು ಅಥವಾ ವೈರಿನಲ್ಲಿ ಎಂದಾಗುತ್ತಿತ್ತು. ಓಮ್ ಲೆಕ್ಕ ತಿರುಗಾ ಇರುವ ಕಾರುಗಳಲ್ಲಿ ಮುಳ್ಳು ಹೋಗುವ ದಿಕ್ಕೂ ತಿರುಗಾ.

ಇಲ್ಲಿ ಎರಡು ಎಚ್ಚರಿಕೆ. ಅದೇ ಕಪ್ಲರಿನಲ್ಲಿ ಪಂಪಿಗೆ 12 ವೋಲ್ಟ್ ಒಯ್ಯುವ ವೈರೂ ಇರುತ್ತದೆ. ಅದನ್ನು ಬಾಡಿಗೆ ಮುಟ್ಟಿಸಿದರೆ ಕಿಡಿ ಹಾರುತ್ತದೆ, ಅದೂ ಟ್ಯಾಂಕಿನ ತಲೆಯ ಮೇಲೆ. ವೈರಿಂಗ್ ನಕ್ಷೆ ನೋಡದೆ ಊಹೆಯ ಮೇಲೆ ಕೈ ಹಾಕಬೇಡಿ. ಎರಡನೆಯದು, ಕಂಪ್ಯೂಟರ್ ಮೂಲಕ ಓದುವ ಹೊಸ ಕಾರುಗಳಲ್ಲಿ ಈ ಪರೀಕ್ಷೆಯನ್ನೇ ಮಾಡಬೇಡಿ. ಗ್ಯಾರೇಜಿನ ಸ್ಕ್ಯಾನರ್ ಹಾಕಿದರೆ ಕಂಪ್ಯೂಟರಿಗೆ ಕಾಣುತ್ತಿರುವ ಇಂಧನ ಮಟ್ಟ ಪರದೆಯ ಮೇಲೇ ಬರುತ್ತದೆ. ಅದು ಸರಿಯಿದ್ದು ಮುಳ್ಳು ತಪ್ಪಿದ್ದರೆ ಗೇಜಿನದೇ ತಪ್ಪು.

ಆಮೇಲೆ ಮಲ್ಟಿಮೀಟರ್. ಟ್ಯಾಂಕ್ ಫುಲ್ ಇತ್ತು. ಫ್ಲೋಟ್‌ನ ಎರಡು ಪಿನ್ನುಗಳ ನಡುವೆ ನೇರವಾಗಿ ಅಳೆದರೆ 4 ಓಮ್, ಸರಿಯಾಗೇ ಇದೆ. ಗಾಡಿಯ ಕಡೆಯ ಅರ್ಥಿಂಗ್ ವೈರಿನಿಂದ ಬಾಡಿಗೆ ಅಳೆದರೆ ಸೊನ್ನೆಯ ಹತ್ತಿರ ಇರಬೇಕಾದದ್ದು 40 ಓಮ್! ಸೀಟಿನ ಕೆಳಗಿನ ಒಂದು ಬೋಲ್ಟಿಗೆ ಆ ವೈರನ್ನು ಕಟ್ಟಿದ್ದರು. ಮಳೆಗಾಲದಲ್ಲಿ ಮ್ಯಾಟ್ ನೆನೆದು ನೆನೆದು ಬೋಲ್ಟ್ ತುಕ್ಕು ಹಿಡಿದಿತ್ತು. ನೀರುಗಂಟಿ "4" ಎಂದರೆ ಊರಿನವನಿಗೆ "44" ಎಂದು ಕೇಳುತ್ತಿತ್ತು. 110 ಎಂದರೆ ಖಾಲಿ ಎಂದುಕೊಳ್ಳುವವನಿಗೆ 44 ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನನ್ನ ಚೀಟಿಯಲ್ಲಿದ್ದದ್ದೂ ಅದೇ.

ಟ್ಯಾಂಕ್ ಬಾಯಿ ತೆರೆಯಲೇಬೇಕಾದರೆ

ತಪ್ಪು ಫ್ಲೋಟ್‌ನಲ್ಲೇ ಇದ್ದರೆ ಟ್ಯಾಂಕ್ ಯೂನಿಟ್ ಹೊರಗೆ ತೆಗೆಯಬೇಕು. ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಇದಕ್ಕೊಂದು ಮುಚ್ಚಳ ಇರುತ್ತದೆ. ಇಲ್ಲದ ಕಾರುಗಳಲ್ಲಿ ಇಡೀ ಟ್ಯಾಂಕ್ ಕೆಳಗಿಳಿಸಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಎಂದೇ ನನ್ನ ಅಭಿಪ್ರಾಯ, ಆದರೆ ಮಾಡುವವರು ಹೇಗೆ ಮಾಡುತ್ತಿದ್ದಾರೆ ಎಂದು ನಿಮಗೆ ಗೊತ್ತಿರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಪೈಪಿನಲ್ಲಿರುವ ಪ್ರೆಶರ್ ಮೊದಲು ಇಳಿಸಿರಬೇಕು, ಇಲ್ಲದಿದ್ದರೆ ಮುಖಕ್ಕೇ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಇದಕ್ಕೆ ತೀರಾ ಕೆಟ್ಟ ಜಾಗ. ಬಯಲು ಬೇಕು, ಹತ್ತಿರ ಬೀಡಿ ಸಿಗರೇಟು ಬೇಡ.

ಹೊರಗೆ ತೆಗೆದ ಮೇಲೆ ತೋಳನ್ನು ಕೈಯಲ್ಲಿ ಮೆಲ್ಲಗೆ ಕೆಳಗಿಂದ ಮೇಲಕ್ಕೆ ಎತ್ತುತ್ತಾ ಓಮ್ ನೋಡಬೇಕು. ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಎಲ್ಲಾದರೂ ಜಿಗಿದರೆ ಪಟ್ಟಿ ಸವೆದಿದೆ. ಕಪ್ಪು ಹಿಡಿದಿದ್ದರೆ ಮೆತ್ತಗೆ ಒರೆಸಿ ಸ್ವಲ್ಪ ಕಾಲ ತಳ್ಳಬಹುದು, ಸವೆದಿದ್ದರೆ ಬದಲಿಸುವುದೊಂದೇ ದಾರಿ. ಕೆಲವು ಹಳೆ ಮೇಸ್ತ್ರಿಗಳು ತೋಳನ್ನು ಚೂರು ಬಾಗಿಸಿ ಮುಳ್ಳನ್ನು ಸರಿ ಮಾಡುತ್ತಾರೆ. ಒಂದು ತುದಿ ಸರಿಯಾಗಿ ಇನ್ನೊಂದು ತುದಿ ಕೆಡುವುದು ಹೀಗೆ. ವಾಪಸ್ ಕೂರಿಸುವಾಗ ರಬ್ಬರ್ ಸೀಲ್ ಹೊಸದೇ ಇರಲಿ. ಹಳೆಯದನ್ನೇ ಹಾಕಿದರೆ ಮುಂದಿನ ಸಲ ಫುಲ್ ಮಾಡಿಸಿದ ದಿನ ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತದೆ.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು. ಗ್ಯಾಸಿನ ಸಿಲಿಂಡರಿನಲ್ಲಿ ಫ್ಲೋಟ್ ಇಲ್ಲ, ಗ್ಯಾಸಿನ ಒತ್ತಡ ಅಳೆದು ದೀಪಗಳನ್ನು ಬೆಳಗುತ್ತಾರೆ. ತುಂಬಿಸುವಾಗ ಸಿಲಿಂಡರ್ ಬಿಸಿಯಾಗಿ, ಆಮೇಲೆ ತಣ್ಣಗಾದಾಗ ಒತ್ತಡ ಇಳಿಯುತ್ತದೆ. ರಾತ್ರಿ ನಾಲ್ಕು ದೀಪ ಇದ್ದದ್ದು ಬೆಳಿಗ್ಗೆ ಮೂರಾದರೆ ಯಾರೂ ಗ್ಯಾಸ್ ಕದ್ದಿಲ್ಲ.

ನನ್ನ ಕಾರಿಗೆ ಕೊನೆಗೆ ಬೇಕಾದದ್ದು ಒಂದು ತುಂಡು ಮರಳು ಕಾಗದ. ಆ ಎಲೆಕ್ಟ್ರಿಷಿಯನ್ ಬೋಲ್ಟನ್ನೂ ಅದರ ಕೆಳಗಿನ ತಗಡನ್ನೂ ಹೊಳೆಯುವವರೆಗೆ ಉಜ್ಜಿ, ವೈರು ಬಿಗಿದು, ಮೇಲೆ ಒಂದಿಷ್ಟು ಗ್ರೀಸ್ ಮೆತ್ತಿದರು. ಮತ್ತೆ ಅಳೆದಾಗ ಮೀಟರಿನಲ್ಲಿ 0.3 ಓಮ್. ಕೀ ತಿರುಗಿಸಿದಾಗ ಮುಳ್ಳು ಎಫ್‌ವರೆಗೆ ಎದ್ದಿತು. ಚೀಟಿಯ ಲೆಕ್ಕವನ್ನು ಇನ್ನೊಮ್ಮೆ ಮೊದಲಿನಿಂದ ಬರೆದೆ, ಅದೇ ಹಾಸನದ ಬಂಕಿನಲ್ಲಿ. ಅರ್ಧಕ್ಕೆ 15 ಲೀಟರ್ ಹಿಡಿಯಿತು. ಹುಡುಗನಿಗೆ ಬಿಲ್ ಕೇಳಿದೆ. ಅವನು ಬಿಲ್ ಕೊಡುತ್ತಾ ಇನ್ನೊಂದು ಕೈಯಲ್ಲಿ ಅಳತೆ ಪಾತ್ರೆಯ ಕಡೆ ತೋರಿಸಿ, "ಬೇಕಾ ಸಾರ್?" ಅಂದ.